ಚಿಂತಾಮಣಿ ಭಾವನಿಗೆ: ಇಲ್ಲಿನ ಹೈಸ್ಕೂಲ್ ಕ್ಲಬ್ಬುಗಳ ಕಥೆ

ನಮ್ಮ ಭಾವ ಚಿಂತಾಮಣಿ ಕಡೆ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರು. ನಮ್ಮ ಮಗಳು ಇಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹೈಸ್ಕೂಲ್ ಸೇರಿದ ಮೇಲೆ ಫೋನ್ ಮಾಡಿದಾಗೆಲ್ಲ ಅವರದು ಒಂದೇ ಪ್ರಶ್ನೆ. "ಅಲ್ಲಪ್ಪಾ, ಆ ಕ್ಲಬ್ಬು ಈ ಕ್ಲಬ್ಬು ಅಂತೀಯಲ್ಲ, ಅಲ್ಲಿ ಪಾಠ ಯಾವಾಗ ಮಾಡ್ತಾರೆ?" ಊರಲ್ಲಿ ಇನ್ನೂ ಕೆಲವರು ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡುತ್ತೇನೆ.

ಪಾಠ ಮಾಡ್ತಾರೆ ಭಾವ, ಮಾಡ್ತಾರೆ. ಕ್ಲಬ್ಬು ನಡೆಯೋದು ಊಟದ ಹೊತ್ತಲ್ಲಿ, ಇಲ್ಲವೇ ಶಾಲೆ ಬಿಟ್ಟ ಮೇಲೆ.

ಇಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ. ನಮ್ಮ ಪಿಯುಸಿಯೂ ಅದರೊಳಗೇ ಬಂತು. ವರ್ಷದ ಶುರುವಿನಲ್ಲಿ ಊಟದ ಹಾಲಿನಲ್ಲಿ ಮೇಜು ಸಾಲಾಗಿ ಹಾಕಿ ಹುಡುಗರೇ ತಮ್ಮ ತಮ್ಮ ಕ್ಲಬ್ಬಿಗೆ ಜನ ಕರೆಯುತ್ತಾರೆ. ಒಂದು ರಟ್ಟಿನ ಬೋರ್ಡು, ಒಂದು ಬಟ್ಟಲು ಚಾಕೊಲೇಟ್, ಹೆಸರು ಬರೆಯೋಕೆ ಒಂದು ಹಾಳೆ. ಸ್ಪ್ಯಾನಿಷ್ ಕ್ಲಬ್, ಫ್ರೆಂಚ್ ಕ್ಲಬ್, ಮುಸ್ಲಿಂ ವಿದ್ಯಾರ್ಥಿಗಳದು, ಬೈಬಲ್ ಓದುವವರದು, ಕೊರಿಯಾದ ಹಾಡಿಗೆ ಕುಣಿಯುವವರದು, ಎಲ್ಲ ಅಕ್ಕಪಕ್ಕ. ಇಷ್ಟೊಂದಕ್ಕೆ ಹೇಗೆ ಒಪ್ಪಿಗೆ ಕೊಡ್ತಾರೆ ಅಂತ ನನಗೂ ಅನ್ನಿಸಿತ್ತು. 1984ರ ಒಂದು ಕಾನೂನು ಇದೆ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಸರ್ಕಾರಿ ಹೈಸ್ಕೂಲು ಪಾಠಕ್ಕೆ ಸಂಬಂಧವಿಲ್ಲದ ಒಂದೇ ಒಂದು ಕ್ಲಬ್ಬಿಗೆ ಜಾಗ ಕೊಟ್ಟರೂ, ಧರ್ಮದ್ದು ಅಂತಲೋ ರಾಜಕೀಯದ್ದು ಅಂತಲೋ ಹೇಳಿ ಇನ್ನೊಂದನ್ನು ತಡೆಯೋ ಹಾಗಿಲ್ಲ. 1990ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹಾಗಾಗಿ ಹೆಡ್‌ಮಾಸ್ಟರಿಗೆ ಇಷ್ಟ ಇರಲಿ ಬಿಡಲಿ, ಕ್ಲಬ್ಬು ಇರುತ್ತದೆ.

ನನಗೆ ಜಾಸ್ತಿ ಮಜಾ ಅನ್ನಿಸಿದ್ದು ಲ್ಯಾಟಿನ್ ಕ್ಲಬ್. ಮನೆಯಲ್ಲಿ ಯಾರೂ ಮಾತಾಡದ ಭಾಷೆ, ಆದರೆ ಗಲಾಟೆ ಮಾತ್ರ ಇವರದೇ ಹೆಚ್ಚು. ಬಿಳಿ ಬೆಡ್‌ಶೀಟ್ ಸುತ್ತಿಕೊಂಡು ರೋಮನ್ನರ ಥರ ಓಡಾಡ್ತಾರೆ. ಬಜರ್ ಒತ್ತಿ ಆಡುವ ಕ್ವಿಜ್ ಒಂದಿದೆ, ಅದಕ್ಕೆ ಕೆರ್ಟಾಮೆನ್ ಅಂತಾರೆ. ಶಾಲೆ ಶಾಲೆಗಳ ನಡುವೆ ಪೈಪೋಟಿ. 1936ರಿಂದ ಇದಕ್ಕೊಂದು ರಾಷ್ಟ್ರೀಯ ಸಂಘವೇ ಇದೆ, ಜೂನಿಯರ್ ಕ್ಲಾಸಿಕಲ್ ಲೀಗ್ ಅಂತ. ನಮ್ಮಲ್ಲಿ 125ಕ್ಕೆ 125 ಬರುತ್ತೆ ಅಂತ ಎಸ್ಸೆಸ್ಸೆಲ್ಸಿಗೆ ಸಂಸ್ಕೃತ ತಗೊಂಡು, ಪರೀಕ್ಷೆ ಮುಗಿದ ಮಾರನೇ ದಿನ ಪುಸ್ತಕ ರದ್ದಿಗೆ ಹಾಕಿದ ಎಷ್ಟು ಜನ ಇಲ್ಲ ಹೇಳಿ.

ಈಗ ನಮ್ಮ ಮಗಳ ವಿಚಾರ. ಅವಳು ಸೇರಿದ್ದು ದಕ್ಷಿಣ ಏಷ್ಯಾ ಕ್ಲಬ್. ಹೆಸರು ದೊಡ್ಡದು, ಒಳಗೆ ನೋಡಿದರೆ ಹಿಂದಿ ಸಿನಿಮಾ ಹಾಡು ಮತ್ತು ಸಮೋಸಾ. ಚಿಂತಾಮಣಿಯವರಾದ ನಮಗೆ ಇದು ಕಷ್ಟ. ನಮ್ಮ ಮನೆಗಳಲ್ಲಿ ಅಡುಗೆಮನೆಯಲ್ಲಿ ತೆಲುಗು, ಪಡಸಾಲೆಗೆ ಬಂದರೆ ಕನ್ನಡ, ಸಂತೆಗೆ ಹೋದರೆ ಅದರ ಜೊತೆ ಉರ್ದು. ಶಾಲೆಗೆ ಸೇರಿಸುವಾಗ ಮನೆಭಾಷೆ ಯಾವುದು ಅಂತ ಫಾರಂ ತುಂಬಿಸ್ತಾರೆ. ಕನ್ನಡ ಅಂತ ಬರೆದೆ. ಪಕ್ಕದಲ್ಲಿ ತೆಲುಗು ಅಂತಲೂ ಸೇರಿಸಿದೆ. ಹೈದರಾಬಾದ್ ಕಡೆಯ ಹುಡುಗರು ನಮ್ಮ ಮಗಳ ತೆಲುಗು ಕೇಳಿ "ಇದ್ಯಾವ ಊರಿನದು" ಅಂತ ನಕ್ಕರಂತೆ. ನಗಲಿ ಬಿಡಿ. ಆ ಕ್ಲಬ್ಬಿನಲ್ಲಿ ಬೆಂಗಳೂರಿನವರ ಜೊತೆಗೂ ಗುಂಟೂರಿನವರ ಜೊತೆಗೂ ಅವರವರ ಭಾಷೆಯಲ್ಲೇ ಜಗಳ ಆಡಬಲ್ಲವಳು ಇವಳೊಬ್ಬಳೇ.

ವಸಂತದಲ್ಲಿ ಶಾಲೆಯಲ್ಲಿ ಎಲ್ಲ ದೇಶಗಳ ಹಬ್ಬ ಅಂತ ಒಂದು ಸಂಜೆ ಇರುತ್ತದೆ. ಅದಕ್ಕೆ ಏನು ಮಾಡಬೇಕು ಅನ್ನೋ ಮೀಟಿಂಗ್ ದಿನ ನಾನು ಸಮೋಸಾ ಟ್ರೇ ಕೊಡಲು ಹೋಗಿದ್ದೆ. ಆಫೀಸಿನಲ್ಲಿ ಗುರುತಿನ ಚೀಟಿ ತೋರಿಸಿ, ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡು, ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲಿ ನಿಂತೆ. ಒಬ್ಬ ಹುಡುಗಿ ಸುತ್ತಿಗೆ ಬದಲು ನೀರಿನ ಬಾಟಲಿ ಕುಟ್ಟಿ ಸಭೆ ಶುರು ಮಾಡಿದಳು. ಇನ್ನೊಬ್ಬ ಹೋದ ಸಲದ ನಡಾವಳಿ ಓದಿದ. ಖಜಾಂಚಿ ಹುಡುಗ ಕೇಕ್ ಮಾರಿ ಬಂದ ದುಡ್ಡೆಷ್ಟು, ಬಟ್ಟೆ ಬಾಡಿಗೆಗೆ ಎಷ್ಟು ಬೇಕು ಅಂತ ಗೋಡೆ ಮೇಲೆ ಲೆಕ್ಕ ಹಾಕಿ ತೋರಿಸಿದ. ನಮ್ಮವಳು ನಮ್ಮ ಕಡೆಯ ಸಂತಕವಿ ಕೈವಾರ ತಾತಯ್ಯನವರ ಒಂದು ಪದ ಹಾಡ್ತೀನಿ ಅಂದಳು. ಅಜ್ಜಿ ಕಲಿಸಿದ್ದು, ತೆಲುಗಿನಲ್ಲಿದೆ. ಕನ್ನಡದವಳು ತೆಲುಗು ಹಾಡೋದು ಯಾಕೆ ಅಂತ ಒಬ್ಬ ಕೇಳಿದ. ತಾತಯ್ಯ ಎರಡರಲ್ಲೂ ಬರೆದಿದ್ದಾರೆ, ನಮ್ಮೂರಲ್ಲಿ ಯಾರೂ ಅದನ್ನು ಕೇಳೋದಿಲ್ಲ ಅಂತ ಇವಳು. ನಿಧಾನದ ಹಾಡು, ಜನ ಎದ್ದು ಹೋಗ್ತಾರೆ ಅಂತ ಮತ್ತೊಬ್ಬಳು. ಕೈ ಎತ್ತಿಸಿದರು. ಕೊನೆಗೆ ಎರಡು ಡಾನ್ಸ್‌ಗಳ ನಡುವೆ, ಬಟ್ಟೆ ಬದಲಿಸುವ ಹೊತ್ತಿನಲ್ಲಿ ಹಾಡಲಿ ಅಂತ ತೀರ್ಮಾನ ಆಯಿತು.

ಇಷ್ಟು ಹೊತ್ತೂ ಕ್ಲಬ್ಬಿನ ಜವಾಬ್ದಾರಿ ಹೊತ್ತ ಟೀಚರು ಮೂಲೆಯಲ್ಲಿ ಕೂತು ಪೇಪರ್ ತಿದ್ದುತ್ತಿದ್ದರು. ಬಾಯಿ ತೆರೆಯಲಿಲ್ಲ. ನಾನು ಭಾವನಿಗೆ ಹೇಳಬೇಕು ಅಂದುಕೊಂಡಿದ್ದು ಮುಖ್ಯವಾಗಿ ಇದನ್ನೇ. ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಸೇವಾದಳ ಇದೆ, ಇಕೋ ಕ್ಲಬ್ ಇದೆ, ಪ್ರತಿಭಾ ಕಾರಂಜಿ ಇದೆ, ಶಾಲಾ ಸಂಸತ್ತಿಗೆ ಚುನಾವಣೆಯೂ ಮಾಡಿಸ್ತೀರಿ. ಆದರೆ ಹಾಡು ಆರಿಸೋದು ಮೇಷ್ಟ್ರು, ಹೆಸರು ಕೊಡೋದು ಮೇಷ್ಟ್ರು, ಗೆದ್ದ ಪ್ರಧಾನಿ ಮಾಡೋ ಕೆಲಸ ಪ್ರಾರ್ಥನೆಗೆ ಸಾಲು ನಿಲ್ಲಿಸೋದು. ಬೈಬೇಡಿ ಭಾವ, ನಾನೂ ಅದೇ ಥರ ಶಾಲೆಯಲ್ಲಿ ಓದಿದವನು.

ಸೇವೆಯ ವಿಚಾರಕ್ಕೆ ಬಂದರೆ ನನಗೆ ಅರ್ಧ ಒಪ್ಪಿಗೆ, ಅರ್ಧ ಕಿರಿಕಿರಿ. ಮೇರಿಲ್ಯಾಂಡ್‌ನಲ್ಲಿ ಹೈಸ್ಕೂಲ್ ಪಾಸಾಗಬೇಕಾದರೆ 75 ಗಂಟೆ ಸೇವೆ ಮಾಡಿರಬೇಕು, ಅಥವಾ ಆಯಾ ಜಿಲ್ಲೆಯವರು ತಾವೇ ರೂಪಿಸಿದ ಸೇವಾ ಕಾರ್ಯಕ್ರಮ ಮುಗಿಸಿರಬೇಕು. ಮಿಡಲ್ ಸ್ಕೂಲಿನಿಂದಲೇ ಲೆಕ್ಕ ಶುರು. ಮಾಡಿದ ಕೆಲಸಕ್ಕೆ ಫಾರಂ, ಅದಕ್ಕೆ ಅಲ್ಲಿನವರ ಸಹಿ. ಇದನ್ನು ಒದಗಿಸೋಕೆ ಅಂತಲೇ ಕೀ ಕ್ಲಬ್, ಇಂಟರಾಕ್ಟ್ ಥರದ ಸೇವಾ ಕ್ಲಬ್ಬುಗಳು ಇವೆ ಅನ್ನಿಸುತ್ತೆ, ಆದರೆ ಅವು ಈ ನಿಯಮಕ್ಕಿಂತ ಹಳೆಯವು. ಕೀ ಕ್ಲಬ್ 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಶುರುವಾಯಿತು. ಇಂಟರಾಕ್ಟ್ 1962ರದು, ನಮ್ಮ ಕಡೆ ಕಣ್ಣಿನ ಕ್ಯಾಂಪ್ ಮಾಡ್ತಾರಲ್ಲ, ಆ ರೋಟರಿಯವರದೇ. ಶನಿವಾರ ಬೆಳಿಗ್ಗೆ ಹುಡುಗರು ಆಹಾರ ಕೊಡುವ ಗೋದಾಮಿಗೆ ಹೋಗಿ ಡಬ್ಬಿಗಳ ತಾರೀಖು ನೋಡಿ, ಬೇಳೆಕಾಳು ಒಂದು ಕಡೆ ತರಕಾರಿ ಒಂದು ಕಡೆ ಜೋಡಿಸಿ, ಪೆಟ್ಟಿಗೆ ಕಟ್ಟಿ ಬರ್ತಾರೆ. ಒಳ್ಳೆ ಕೆಲಸ. ವಾಪಸ್ ಬರುವಾಗ ಕಾರಿನಲ್ಲಿ ಮಾತು ಮಾತ್ರ "ನಿನಗೆಷ್ಟು ಗಂಟೆ ಆಯ್ತು" ಅಂತ. ಅಜ್ಜಿಗೆ ಮಾತ್ರೆ ತಂದುಕೊಟ್ಟರೆ ಗಂಟೆ ಸಿಗೋದಿಲ್ಲ ಅಂತ ಒಬ್ಬ ಹುಡುಗ ಗೊಣಗಿದ್ದನ್ನು ನಾನೇ ಕೇಳಿದ್ದೇನೆ.

ಗಂಟೆ ಎಣಿಸೋದು ಅಮೆರಿಕದವರ ಚಾಳಿ ಅಂತ ಬೈಯೋ ಹಾಗೂ ಇಲ್ಲ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ನಮ್ಮಲ್ಲಿ ಶುರುವಾದ ಎನ್ನೆಸ್ಸೆಸ್ಸಿನಲ್ಲೂ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಅಂತ ಇದೆಯಲ್ವಾ? ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಕ್ಯಾಂಪು. ಇಲ್ಲಿನ ಮಕ್ಕಳಿಗೆ ಆ ಕ್ಯಾಂಪು ಇಲ್ಲ. ಒಂದೇ ಹಾಲಿನಲ್ಲಿ ಮಲಗಿ, ಒಂದೇ ಪಾತ್ರೆಯ ಉಪ್ಪಿಟ್ಟು ತಿಂದು, ಚರಂಡಿ ತೆಗೆದ ಗೆಳೆತನವೇ ಬೇರೆ.

ಇನ್ನೊಂದು ರೋಗ ಇದೆ. ಕಾಲೇಜಿನ ಅರ್ಜಿಯಲ್ಲಿ "ಸ್ಥಾಪಕ ಅಧ್ಯಕ್ಷ" ಅಂತ ಬರೆದುಕೊಳ್ಳೋಕೆ ಸುಮ್ನೆ ಒಂದು ಕ್ಲಬ್ ತೆಗೆಯೋದು. ಅಧ್ಯಕ್ಷ ಪಾಸಾಗಿ ಹೋದ, ಕ್ಲಬ್ಬೂ ಹೋಯಿತು. ನಮ್ಮ ಜನ ಇದರಲ್ಲಿ ಹಿಂದೆ ಬಿದ್ದಿಲ್ಲ.

ಖರ್ಚು ಎಷ್ಟು ಅಂತಲೂ ಭಾವ ಕೇಳಿದ್ದರು. ಹೆಚ್ಚಿಲ್ಲ. ಒಂದು ಖಾಲಿ ಕೋಣೆ, ಒಬ್ಬ ಸುಮ್ಮನೆ ಕೂರುವ ಮೇಷ್ಟ್ರು, ಮಕ್ಕಳೇ ಬರೆಯುವ ಒಂದು ಲೆಕ್ಕದ ಪುಸ್ತಕ. ನಿಮ್ಮ ಒಂಬತ್ತನೇ ಕ್ಲಾಸಿನಲ್ಲಿ ಮೂರು ಭಾಷೆ ಆಡುವ ಮಕ್ಕಳು ಬೆಂಚಿಗೊಬ್ಬರು ಸಿಗ್ತಾರೆ. ಮೊದಲ ಮೀಟಿಂಗಿನಲ್ಲಿ ಜಗಳ ಆಗುತ್ತೆ, ನೀವು ನಡುವೆ ಹೋಗಬೇಡಿ.