ದಿನಕ್ಕೊಂದು ಚಿತ್ರ, ಒಂದೇ ಲೆನ್ಸು: ಶಿಡ್ಲಘಟ್ಟದ ಮಳೆಗಾಲ

ಯುಗಾದಿಗೆ ಹಿಡಿದ ದಿನಕ್ಕೊಂದು ಚಿತ್ರದ ವ್ರತ ಮಳೆಗಾಲ ದಾಟಿ ದಸರೆಗೆ ಬಂದು ನಿಂತಿದೆ. ಕಟ್ಟುಪಾಡು ಮೊದಲಿನದೇ. ನಿಕಾನ್ ಡಿ5600 ಕ್ಯಾಮೆರಾ, ಅದಕ್ಕೆ 35 ಎಂಎಂ ಎಫ್1.8 ಲೆನ್ಸು, ಅಷ್ಟೇ. ಫ್ಲ್ಯಾಶ್ ಹಾಕುವಂತಿಲ್ಲ, ಕ್ರಾಪ್ ಮಾಡುವಂತಿಲ್ಲ, ನಿನ್ನೆ ತೆಗೆದದ್ದನ್ನು ಇವತ್ತಿನ ಲೆಕ್ಕಕ್ಕೆ ಹಾಕುವಂತಿಲ್ಲ. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದು. ಹಾಗಾಗಿ ಇದರ 35 ಎಂಎಂ ಅಂದರೆ ಹೆಚ್ಚುಕಡಿಮೆ ಹಳೇ ಫಿಲ್ಮ್ ಕ್ಯಾಮೆರಾದ 50 ಎಂಎಂ ನೋಟ. ನಿಂತ ಮನುಷ್ಯ ತಲೆಯಿಂದ ಪಾದದವರೆಗೆ ಬರಬೇಕಾದರೆ ಮೂರು ಮೀಟರ್ ಹತ್ತಿರ ಹೋಗಬೇಕು. ಮುಖ, ಕೈ ಬೇಕಾದರೆ ಮಾತಾಡಿಸುವಷ್ಟು ಹತ್ತಿರ.

ಬೇಸಿಗೆಯಲ್ಲಿ ಸಿಕ್ಕಿದ್ದೆಲ್ಲ ತೆಗೆದೆ. ಮುಂಗಾರು ಶುರುವಾದ ಮೇಲೆ ಒಂದೇ ವಿಷಯಕ್ಕೆ ಅಂಟಿಕೊಂಡೆ. ಶಿಡ್ಲಘಟ್ಟದಲ್ಲಿದ್ದುಕೊಂಡು ಬೇರೆ ವಿಷಯ ಹುಡುಕಬೇಕೆ? ರೇಷ್ಮೆ.

ಮೊದಲು ದೊಡ್ಡಮ್ಮನ ಊರು. ಅವರದು ಹಿಪ್ಪುನೇರಳೆ ತೋಟ, ತೋಟದ ಬದಿಗೇ ಹುಳದ ಮನೆ. ಒಳಗೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. "ಚಪ್ಪಲಿ ಆಚೆ ಬಿಟ್ಟು ಕೈ ತೊಳ್ಕೊಂಡ್ ಬಾರಪ್ಪ. ಸೆಂಟು ಗಿಂಟು ಹಾಕ್ಕೊಂಡಿದ್ರೆ ಬರಬ್ಯಾಡ" ಅಂದರು. ಹುಳಕ್ಕೆ ರೋಗ ಬೇಗ ತಗಲುತ್ತದೆ, ಒಂದು ತಟ್ಟೆಗೆ ಬಂದರೆ ಇಡೀ ಬೆಳೆ ಹೋಗುತ್ತದೆ. ಕ್ಯಾಮೆರಾ ಬ್ಯಾಗನ್ನೂ ಹೊರಗೇ ಇಟ್ಟು, ಬರೀ ಕ್ಯಾಮೆರಾ ಒರೆಸಿಕೊಂಡು ಒಳಗೆ ಹೋದೆ.

ಹುಳದ ಮನೆಯ ಬೆಳಕು ನನಗೆ ಸಿಕ್ಕ ದೊಡ್ಡ ವರ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಬಾರದಿರಲಿ ಅಂತ ಕಿಟಕಿಗೆಲ್ಲ ನೈಲಾನ್ ಪರದೆ ಬಡಿದಿರುತ್ತಾರೆ. ಮೋಡದ ದಿನ ಆ ಪರದೆ ದಾಟಿ ಬರುವ ಬೆಳಕು ಎಷ್ಟು ಮೆತ್ತಗಿರುತ್ತದೆಂದರೆ ಸೊಪ್ಪಿನ ನರ ನರವೂ ಕಾಣುತ್ತದೆ, ಎಲ್ಲೂ ಗಡುಸು ನೆರಳಿಲ್ಲ. ಆದರೆ ಬೆಳಕು ಕಡಿಮೆ. ಈ ಲೆನ್ಸು 30 ಸೆಂಟಿಮೀಟರಿಗಿಂತ ಹತ್ತಿರದಲ್ಲಿ ಫೋಕಸ್ ಆಗುವುದಿಲ್ಲ, ಅಷ್ಟು ಹತ್ತಿರದಲ್ಲಿ ಎಫ್1.8 ಇಟ್ಟರೆ, ಅಂದರೆ ಲೆನ್ಸಿನ ಕಿಂಡಿ ಪೂರ್ತಿ ತೆರೆದರೆ, ಕೆಲವೇ ಮಿಲಿಮೀಟರ್ ಮಾತ್ರ ಸ್ಪಷ್ಟ. ಹುಳದ ಮೂತಿ ಬಂದರೆ ಬೆನ್ನು ಮಸುಕು. ಕಿಂಡಿ ಕಿರಿದು ಮಾಡಿ ಎಫ್5.6ಕ್ಕೆ ಹೋದರೆ ಷಟರ್ ನಿಧಾನ ಮಾಡಬೇಕು, ತಿನ್ನುತ್ತಿರುವ ಹುಳು ಒಂದು ಗಳಿಗೆ ಸುಮ್ಮನಿರುವುದಿಲ್ಲ.

ದಾರಿ ತೋರಿಸಿದ್ದು ಹುಳದ ಜ್ವರ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಸುಮಾರು ಒಂದು ದಿನ ಕೂತುಬಿಡುತ್ತದೆ; ಅದನ್ನೇ ಇಲ್ಲಿ ಜ್ವರಕ್ಕೆ ಕೂತಿದೆ ಅನ್ನುವುದು. ಮೊಟ್ಟೆ ಒಡೆದು ಗೂಡು ಕಟ್ಟುವುದರೊಳಗೆ ನಾಲ್ಕು ಜ್ವರ. ಆಗ ಹುಳು ಮಿಸುಕುವುದಿಲ್ಲ. ಮೊಣಕೈಯನ್ನು ಸ್ಟ್ಯಾಂಡಿನ ಕಂಬಕ್ಕೆ ಊರಿ, ಉಸಿರು ಹಿಡಿದು 1/15 ಸೆಕೆಂಡಿಗೂ ತೆಗೆಯಬಹುದು. ನಾಲ್ಕನೇ ಜ್ವರದ ದಿನ ತೆಗೆದ ಚಿತ್ರದಲ್ಲಿ ಹುಳಗಳೆಲ್ಲ ತಲೆ ಎತ್ತಿ ಒಂದೇ ಕಡೆ ನೋಡುತ್ತಿವೆ, ಮೂತಿಯ ಹಿಂದಿನ ಚರ್ಮದ ಸುಕ್ಕೂ ಸ್ಪಷ್ಟ. ಈ ಮಳೆಗಾಲದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಚಿತ್ರ ಅದು.

ಎಷ್ಟೇ ಹತ್ತಿರ ಹೋದರೂ ಚಿತ್ರದಲ್ಲಿ ಸುಮಾರು 15 ಸೆಂಟಿಮೀಟರ್ ಅಗಲದ ಜಾಗ ಬಂದೇ ಬರುತ್ತದೆ. ಮ್ಯಾಕ್ರೊ ಲೆನ್ಸಿನ ಹಾಗೆ ಒಂದು ಹುಳುವನ್ನು ಮಾತ್ರ ಹಿಡಿಯಲು ಇದು ಬಿಡುವುದಿಲ್ಲ. ಪಕ್ಕದ ಹುಳು, ಅರ್ಧ ತಿಂದ ಎಲೆ, ದೊಡ್ಡಮ್ಮನ ಬೆರಳು ಎಲ್ಲ ಸೇರಿಕೊಳ್ಳುತ್ತವೆ. ಅದರಿಂದಲೇ ಇದು ಪ್ರಾಣಿಶಾಸ್ತ್ರದ ಪುಸ್ತಕದ ಚಿತ್ರವಾಗದೆ ಒಂದು ಮನೆಯ ಚಿತ್ರವಾಗುತ್ತದೆ.

ಹುಳು ಹಣ್ಣಾದ ದಿನ ಬೆಳಗ್ಗೆಯೇ ಫೋನ್ ಬಂತು. ಹಣ್ಣಾದ ಹುಳು ತಿನ್ನುವುದನ್ನು ಬಿಡುತ್ತದೆ, ಮೈ ಹಳದಿಗೆ ತಿರುಗಿ ಬೆಳಕು ಹಾಯುವಂತಾಗುತ್ತದೆ. ದೊಡ್ಡಮ್ಮ ಒಂದೊಂದನ್ನೂ ಎತ್ತಿ ಕಿಟಕಿಗೆ ಅಡ್ಡ ಹಿಡಿದು ನೋಡಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಿದ್ದರು. ನಾನು ಅವರ ಹೆಗಲ ಹಿಂದೆ ನಿಂತೆ. ಅವರ ಕಣ್ಣಿಗೂ ಹುಳಕ್ಕೂ ಎಷ್ಟು ದೂರವೋ ಲೆನ್ಸಿಗೂ ಸುಮಾರು ಅಷ್ಟೇ ದೂರ, ಹಿಂದಿನಿಂದ ಬೆಳಕು. ಹುಳದ ಮೈಯೊಳಗಿನ ಹೊಂಬಣ್ಣ ಚಿತ್ರಕ್ಕೆ ಬಂತು. ಕಸುಬಿನವರು ಎಲ್ಲಿ ನಿಂತು ನೋಡುತ್ತಾರೋ ಅಲ್ಲಿಂದಲೇ ತೆಗೆಯಬೇಕು ಅನ್ನುವುದು ಅವತ್ತು ಹೊಳೆಯಿತು. ಆಮೇಲಿನ ಚಿತ್ರಗಳೆಲ್ಲ ಅದರ ಮೇಲೇ ನಿಂತಿವೆ.

ಗೂಡಿನ ಮಾರುಕಟ್ಟೆಯಲ್ಲಿ ಎರಡು ವಾರ ಕಳೆದೆ. ಇ-ಹರಾಜು ಬಂದ ಮೇಲೆ ಕೂಗಾಟ ಕಡಿಮೆ, ಎಲ್ಲರ ಕೈಯಲ್ಲೂ ಮೊಬೈಲು. ಆದರೂ ಗೂಡು ಕೊಂಡು ನೂಲು ತೆಗೆಸುವ ರೀಲರುಗಳು ಗೂಡನ್ನು ಮುಷ್ಟಿಯಲ್ಲಿ ಎತ್ತಿ, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ತಪ್ಪಿಲ್ಲ. ಇಲ್ಲಿ ತೊಡಕು ಎಕ್ಸ್‌ಪೋಷರಿನದು, ಅಂದರೆ ಎಷ್ಟು ಬೆಳಕು ಬಿಡಬೇಕು ಅನ್ನುವುದು. ದ್ವಿತಳಿ ಗೂಡು ಅಚ್ಚ ಬಿಳಿ, ಮಿಶ್ರತಳಿ ಹಳದಿ. ಕ್ಯಾಮೆರಾದ ಮೀಟರ್ ಯಾವುದನ್ನು ಕಂಡರೂ ನಡುಬೂದು ಮಾಡಲು ನೋಡುವುದರಿಂದ ಬಿಳಿ ಗೂಡಿನ ರಾಶಿ ಮಂಕಾಗಿ ಬರುತ್ತದೆ. ಬಿಳಿಗೆ ಒಂದು ಸ್ಟಾಪ್ ಹೆಚ್ಚಿಗೆ, ಅಂದರೆ ಎರಡರಷ್ಟು ಬೆಳಕು ಕೊಡಬೇಕು. ಹಳದಿಗೆ ಅಷ್ಟು ಕೊಟ್ಟರೆ ಕೆಂಪು ಚಾನೆಲ್ ಉಕ್ಕಿ ಗೂಡಿನ ಮೇಲಿನ ನವಿರು ಎಳೆ ಮಾಯವಾಗುತ್ತದೆ, ಹಾಗಾಗಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ನೋಡಿಕೊಂಡೇ ಮುಂದೆ ಹೋಗಬೇಕು.

ನಡುವೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೂ, ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೂ ಹೋಗಿಬಂದೆ. ಕಲ್ಯಾಣಿಯ ಮೆಟ್ಟಿಲು ಚೆನ್ನಾಗಿ ಬಂದವು. ಮನಸ್ಸು ಮಾತ್ರ ನೂಲಿನ ಮೇಲೇ ಇತ್ತು.

ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆ ಇದುವರೆಗಿನ ಎಲ್ಲಕ್ಕಿಂತ ಕಷ್ಟದ ಜಾಗ. ಕುದಿಯುವ ನೀರಿನ ಹಬೆ ಲೆನ್ಸಿನ ಮೇಲೆ ಕೂರುತ್ತದೆ. ಒಳಗೆ ಹೋದ ಮೇಲೆ ಕಾಲು ಗಂಟೆ ಕ್ಯಾಮೆರಾ ತೆಗೆಯದೆ ಗಾಜು ಬೆಚ್ಚಗಾಗಲು ಬಿಟ್ಟರೆ ಮಂಜು ಹಿಡಿಯುವುದಿಲ್ಲ. ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದಕ್ಕೇ 1/100 ಅಥವಾ 1/50ಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಚಿತ್ರದ ಮೇಲೆ ಪಟ್ಟೆ ಬೀಳುತ್ತದೆ. ಇಷ್ಟೆಲ್ಲ ಹೊಂದಿಸಿಕೊಂಡು ನೂಲು ಬಿಚ್ಚುವ ಕಾಟೇಜ್ ಬೇಸಿನ್ ಯಂತ್ರದ ಮುಂದೆ ಕೂತ ಅಕ್ಕನ ಚಿತ್ರ ತೆಗೆದು ತೋರಿಸಿದೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಪರದೆ ನೋಡಿದರು. "ನಾನಿದ್ದೀನಿ, ನೀರೈತೆ, ಗೂಡೈತೆ. ನೂಲೆಲ್ಲಣ್ಣ?"

ನೂಲು ಇರಲಿಲ್ಲ. ಹಲವು ಗೂಡಿನ ಎಳೆ ಸೇರಿದ ನೂಲೂ ಕೂದಲಿಗಿಂತ ತೆಳ್ಳಗೆ. "ಈ ಕಡೆ ಬಂದು ಬಾಗಿಲ ಕಡೆ ತಿರುಗಿ ನೋಡು. ಎಳೆ ಕಡಿದೈತಾ ಅಂತ ನಾವು ನೋಡೋದೇ ಹಂಗೆ" ಅಂದರು. ಅವರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಬಾಗಿಲ ಓರೆ ಬೆಳಕಿನಲ್ಲಿ, ಹೊಗೆ ಹಿಡಿದ ಕಪ್ಪು ಗೋಡೆಯ ಮುಂದೆ ಅಷ್ಟೂ ಎಳೆ ಬೆಳ್ಳಗೆ ಎದ್ದು ನಿಂತವು. ಎಫ್4, 1/100, ಐಎಸ್‌ಒ 1600. ಎಳೆಗಳ ಹಿಂದೆ ಅವರ ಮುಖ ಅರ್ಧ ನೆರಳಲ್ಲಿದೆ, ಕಣ್ಣು ಕಡಿದ ತುದಿ ಹುಡುಕುತ್ತಿದೆ. ಆ ಚಿತ್ರಕ್ಕೆ ಜಾಗ, ಬೆಳಕು ಎರಡೂ ಅವರದೇ.

ಇನ್ನು ಮುಂದಿನದು. ಆರು ಚಿತ್ರ ಪ್ರಿಂಟ್ ಹಾಕಲು ಕೊಟ್ಟಿದ್ದೇನೆ, ಮೊದಲನೆಯದು ಆ ಅಕ್ಕನಿಗೆ, ಜ್ವರದ ಹುಳದ್ದು ದೊಡ್ಡಮ್ಮನಿಗೆ. ದೊಡ್ಡಮ್ಮ ದೀಪಾವಳಿ ಕಳೆದ ಮೇಲೆ ಮತ್ತೆ ಚಾಕಿ ಹುಳು, ಅಂದರೆ ಎಳೇ ಹುಳು, ತರುತ್ತಾರೆ. ಚಳಿಗೆ ಹುಳದ ಮನೆಯೊಳಗೆ ಬಿಸಿ ಕಾಯಿಸುತ್ತಾರಂತೆ, ಕಿಟಕಿ ಮುಚ್ಚಿರುತ್ತದೆ, ಮೆತ್ತನೆ ಬೆಳಕಿನ ಆಸೆ ಬಿಡಬೇಕು. ರಾತ್ರಿ ಸೊಪ್ಪು ಹಾಕುವ ಹೊತ್ತಿಗೆ ಒಂದೇ ಬಲ್ಬಿನ ಬೆಳಕಲ್ಲಿ ತೆಗೆಯಲು ಒಪ್ಪಿಗೆ ಕೇಳಿದ್ದೇನೆ. "ಕೈ ತೊಳ್ಕೊಂಡ್ ಬಂದ್ರೆ ಆಯ್ತು" ಅಂದಿದ್ದಾರೆ.