ಮೂರು ಫೈಲು, ಒಬ್ಬರೇ ಮನುಷ್ಯ

ಕೆಲವು ವರ್ಷದ ಹಿಂದೆ ನಾನು ಎಚ್‌ಐವಿ ಕ್ಲಿನಿಕ್ ಒಂದರಲ್ಲಿ ಕೌನ್ಸೆಲರ್ ಆಗಿದ್ದೆ. ಒಂದಿನ ಒಬ್ರು ಬಂದ್ರು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದ್ರಲ್ಲಿ ಮೂರು ಫೈಲು. ಒಂದು ನಮ್ದು, ಒಂದು ಮೆಥಡೋನ್ (ಹೆರಾಯಿನ್ ಥರದ ನಶೆ ಬಿಡಿಸೋಕೆ ಅದರ ಬದಲಿಗೆ ದಿನಾ ಕುಡಿಸೋ ಔಷಧಿ) ಕೊಡೋ ಸೆಂಟರ್‌ದು, ಇನ್ನೊಂದು ಡಿಪ್ರೆಶನ್‌ಗೆ ನೋಡ್ತಿದ್ದ ಡಾಕ್ಟರ್‌ದು. ಕೂತಲ್ಲೇ ಬೆವರ್ತಿದ್ರು, ಮೂಗು ಸೋರ್ತಿತ್ತು, ಬಿಟ್ಟೂ ಬಿಡದೆ ಆಕಳಿಕೆ. "ಮೆಥಡೋನ್ ಡೋಸ್ ಸಾಲ್ತಿಲ್ಲ ಅಂದ್ರೆ, ಮತ್ತೆ ಶುರು ಹಚ್ಕೊಂಡ್ಯಾ ಅಂತಾರೆ ಮೇಡಂ, ದೇವ್ರಾಣೆ ಮುಟ್ಟಿಲ್ಲ" ಅಂದ್ರು.

ಅವರು ಹೇಳಿದ್ದು ನಿಜಾನೇ ಆಗಿತ್ತು. ಎರಡು ವಾರದ ಹಿಂದೆ ನಮ್ಮಲ್ಲೇ ಎಫಾವಿರೆಂಜ್ ಅನ್ನೋ ಎಚ್‌ಐವಿ ಔಷಧಿ ಇರೋ ಮಾತ್ರೆ ಶುರು ಮಾಡಿದ್ವಿ. ಆ ಮಾತ್ರೆ ಲಿವರ್ ಮೆಥಡೋನನ್ನ ಬೇಗ ಬೇಗ ಕರಗಿಸೋ ಹಾಗೆ ಮಾಡುತ್ತೆ, ರಕ್ತದಲ್ಲಿ ಅದರ ಪ್ರಮಾಣ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದುಬಿಡುತ್ತೆ, ಅಂದ್ರೆ ಮನುಷ್ಯ ದಿನಾ ಸರಿಯಾಗಿ ಡೋಸ್ ಕುಡಿದ್ರೂ ಮೈ ಮಾತ್ರ ಬಿಟ್ಟವರ ಹಾಗೆ ಒದ್ದಾಡುತ್ತೆ. ಸಾಲದ್ದಕ್ಕೆ ಅದೇ ಮಾತ್ರೆಯಿಂದ ಕೆಲವರಿಗೆ ಕೆಟ್ಟ ಕನಸು ಬೀಳುತ್ತೆ, ಮನಸ್ಸು ಕುಗ್ಗುತ್ತೆ, ಇವರಿಗೋ ಮೊದಲೇ ಡಿಪ್ರೆಶನ್ ಇತ್ತು. ಮೂರೂ ಕಡೆ ಇದ್ದವರು ಕೆಟ್ಟೋರಲ್ಲ, ಆದ್ರೆ ಒಬ್ಬರ ಫೈಲನ್ನ ಇನ್ನೊಬ್ರು ತೆರೆದೇ ನೋಡಿರ್ಲಿಲ್ಲ. ನಾನೂ ನೋಡಿರ್ಲಿಲ್ಲ, ಅದು ಈಗ್ಲೂ ಚುಚ್ಚುತ್ತೆ.

ಈಗ ಎಚ್‌ಐವಿಗೆ ಡೊಲುಟೆಗ್ರಾವಿರ್ ಅನ್ನೋ ಬೇರೆ ಔಷಧಿ ಬಂದಿದೆ, 2019ರಿಂದ ಡಬ್ಲ್ಯುಎಚ್‌ಒ ಮೊದಲು ಕೊಡಬೇಕಾದ ಔಷಧಿಗಳಲ್ಲಿ ಅದನ್ನೇ ಮುಂದಿಟ್ಟಿದೆ, ಮೆಥಡೋನ್ ಜೊತೆ ಈ ತಕರಾರು ಇಲ್ಲ. ಆದ್ರೆ ಟಿಬಿ ಬಂದು ಅದಕ್ಕೆ ಕೊಡೋ ರಿಫಾಂಪಿಸಿನ್ ಔಷಧಿ ಶುರುವಾದ್ರೆ ಮತ್ತೆ ಅದೇ ಕಥೆ, ಅದೂ ಮೆಥಡೋನ್ ಪ್ರಮಾಣ ಇಳಿಸುತ್ತೆ. ಹಾಗಾಗಿ ಮಾತ್ರೆ ಬದಲಾದ ಮಾತ್ರಕ್ಕೆ ಮುಗಿಯೋದಿಲ್ಲ, ನೋಡೋರು ಒಟ್ಟಿಗೆ ಕೂತು ಮಾತಾಡ್ಬೇಕು.

ಇನ್ನೊಂದು ಮಾತು ಕೇಳಿದ್ರೆ ನಂಗೆ ತುಂಬಾ ಸಂಕಟ ಆಗುತ್ತೆ, "ಮೊದ್ಲು ಚಟ ಬಿಟ್ಟು ಬಾ, ಆಮೇಲೆ ನೋಡೋಣ" ಅನ್ನೋದು. ಚಟ ಬಿಡಿಸೋ ಕಡೆ ಹೋದ್ರೆ ಮೊದ್ಲು ಮನಸ್ಸಿನ ಕಾಯಿಲೆ ಸರಿ ಮಾಡ್ಕೋ ಅಂತಾರೆ, ಅಲ್ಲಿಗೆ ಹೋದ್ರೆ ನಶೆ ಇಳಿಸ್ಕೊಂಡು ಬಾ ಅಂತಾರೆ, ದಿನಗೂಲಿ ಬಿಟ್ಟು ಎಷ್ಟು ಬಾಗಿಲು ತಟ್ಟೋದು ಹೇಳಿ? ಮನೆ ಇಲ್ಲದೋರು, ಜೈಲಿಂದ ಆಚೆ ಬಂದೋರು, ಮೈ ಮಾರ್ಕೊಂಡು ಬದುಕೋ ಹೆಂಗಸರು, ಇವರೇ ಹೀಗೆ ಅಲೆದು ಅಲೆದು ಕೊನೆಗೆ ಎಲ್ಲಾ ಕಡೆ ಹೋಗೋದೇ ಬಿಡೋದು. ಡ್ರಗ್ಸ್ ತಗೋತಿದ್ದಾರೆ ಅನ್ನೋದು ಎಚ್‌ಐವಿ ಔಷಧಿ ತಡೆಹಿಡಿಯೋಕೆ ಕಾರಣವೇ ಅಲ್ಲ.

ಎಚ್‌ಪಿಟಿಎನ್ 074 ಅಂತ ಒಂದು ಅಧ್ಯಯನ ಇದೆ, ಇಂಡೋನೇಷ್ಯಾ, ಯುಕ್ರೇನ್, ವಿಯೆಟ್ನಾಂನಲ್ಲಿ ಮಾಡಿದ್ದು, 2018ರಲ್ಲಿ ಪ್ರಕಟ ಆಯ್ತು. ಸೂಜಿಯಲ್ಲಿ ಡ್ರಗ್ಸ್ ತಗೊಳ್ಳೋ ಎಚ್‌ಐವಿ ಇರೋರಿಗೆ ದೊಡ್ಡ ಯಂತ್ರ ಗಿಂತ್ರ ಏನೂ ತರ್ಲಿಲ್ಲ, ಜೊತೆಗೆ ನಿಂತು ದಾರಿ ತೋರಿಸೋಕೆ ಒಬ್ಬರನ್ನ ಕೊಟ್ರು, ಕೌನ್ಸೆಲಿಂಗ್ ಕೊಟ್ರು, ಕಾಯಿಸದೆ ಔಷಧಿ ಶುರು ಮಾಡಿಸಿದ್ರು. ಅಷ್ಟಕ್ಕೇ ಸಾವು ಸುಮಾರು ಅರ್ಧಕ್ಕೆ ಇಳೀತು. ನಾನು ಅದನ್ನ ಓದಿ ಸುಮ್ನೆ ಕೂತ್ಬಿಟ್ಟಿದ್ದೆ.

ಆವತ್ತು ಮೆಥಡೋನ್ ಸೆಂಟರ್‌ಗೆ ನಾನೇ ಫೋನ್ ಮಾಡಿ ವಿಷಯ ಹೇಳಿದೆ, ಅವರು ಡೋಸ್ ಸ್ವಲ್ಪ ಸ್ವಲ್ಪವಾಗಿ ಏರಿಸಿದ್ರು. ಮುಂದಿನ ಸಲ ಬಂದಾಗ ಆಕಳಿಕೆ ಇರ್ಲಿಲ್ಲ, ರಾತ್ರಿ ನಿದ್ದೆ ಬರ್ತಿದೆ ಅಂದ್ರು. ಅವತ್ತಿಂದ ಯಾರೇ ಬಂದು ಎದುರಿಗೆ ಕೂತ್ರೂ ನಾನು ಮೊದಲು ಕೇಳೋದು, "ಬೇರೆ ಎಲ್ಲೆಲ್ಲಿ ತೋರಿಸ್ತಿದ್ದೀರಿ, ಆ ಚೀಟಿಗಳನ್ನೂ ಇಲ್ಲಿ ಕೊಡಿ" ಅಂತ.