ನಿಂತಲ್ಲೇ ಬಿದ್ದ ಮೋಟಾರ್‌ಸೈಕಲ್

ಗ್ಯಾರೇಜಿನಲ್ಲಿ 14 ವರ್ಷ ಕೈ ಮಸಿ ಮಾಡಿಕೊಂಡವನಿಗೆ ಗಾಡಿ ಹೇಗೆ ಬಿದ್ದಿದೆ ಎಂಬುದು ಗೀರು ನೋಡಿದರೆ ತಿಳಿಯುತ್ತದೆ. ಓಡುತ್ತಾ ಬಿದ್ದ ಗಾಡಿಯ ಮೇಲೆ ಉದ್ದುದ್ದ ಗೀರುಗಳಿರುತ್ತವೆ. ಕ್ರ್ಯಾಶ್ ಗಾರ್ಡ್ ಒಂದೇ ದಿಕ್ಕಿಗೆ ಉಜ್ಜಿಹೋಗಿರುತ್ತದೆ, ಫುಟ್‌ರೆಸ್ಟಿನ ತುದಿ ಓರೆಯಾಗಿ ಸವೆದಿರುತ್ತದೆ. ನಿಂತಲ್ಲೇ ಉರುಳಿದ ಗಾಡಿಯಲ್ಲಿ ಇದಾವುದೂ ಇರುವುದಿಲ್ಲ, ಒಂದೆರಡು ಕಡೆ ತಗ್ಗು ಬಿದ್ದಿರುತ್ತದೆ ಅಷ್ಟೇ. 2021ರ ಡಿಸೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಟೆಂಪೋದಲ್ಲಿ ಹೇರಿಕೊಂಡು ಬಂದು ಬೆಂಗಳೂರಿನ ನಮ್ಮ ಗ್ಯಾರೇಜಿನ ಮುಂದೆ ಇಳಿಸಿದ, ದೂರದ ಪ್ರಯಾಣಕ್ಕೆಂದೇ ಮಾಡಿದ ಟೂರಿಂಗ್ ಮೋಟಾರ್‌ಸೈಕಲ್ ಈ ಎರಡನೆಯ ಬಗೆಯದು. ಎಡಗಡೆಯ ಅಲ್ಯೂಮಿನಿಯಂ ಪೆಟ್ಟಿಗೆಯ ಕೆಳಮೂಲೆ ಒಳಕ್ಕೆ ಕುಸಿದಿತ್ತು. ಕ್ಲಚ್ ಲಿವರಿನ ತುದಿ ಬಾಗಿತ್ತು. ಗಾಡಿಗೆ ಆಗಿದ್ದು ಇಷ್ಟೇ. ಅದನ್ನು ಓಡಿಸುತ್ತಿದ್ದ ಹುಡುಗನ ಎಡಗಾಲು ಮಾತ್ರ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಆ ಗಾಡಿಯನ್ನು ಪ್ರವಾಸಕ್ಕೆ ಸಿದ್ಧಪಡಿಸಿ ಅವನ ಕೈಗೆ ಕೀಲಿ ಕೊಟ್ಟವನು ನಾನು.

ಹುಡುಗನಿಗೆ ಹದಿನೆಂಟು ತುಂಬಿ ಮೂರು ತಿಂಗಳಾಗಿತ್ತು. ಇಂಜಿನಿಯರಿಂಗ್ ಮೊದಲ ವರ್ಷ. ತಂದೆ ಒಬ್ಬ ಪರಿಚಿತರಿಂದ ಕೊಂಡಿದ್ದ ಗಾಡಿ. ನಾನೂರು ಸಿಸಿ ದರ್ಜೆಯದು, ಪೆಟ್ರೋಲ್ ತುಂಬಿದರೆ ಸುಮಾರು 200 ಕಿಲೋ ತೂಗುತ್ತದೆ. ಅಲ್ಲಿಯವರೆಗೆ ಅವನು ಓಡಿಸಿದ್ದು ಮನೆಯ ಸ್ಕೂಟರ್, ಅದರ ಅರ್ಧದಷ್ಟು ತೂಕದ್ದು. ಮೊದಲ ದೂರದ ಪ್ರಯಾಣಕ್ಕೆ ಹಾಸನ, ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗಬೇಕು, ಎಲ್ಲ ನೋಡಿ ಕೊಡಿ ಎಂದರು. ನಾನು ಎಲ್ಲವನ್ನೂ ನೋಡಿದೆ. ಆಯಿಲ್ ಬದಲಿಸಿದೆ, ಚೈನ್ ಸರಿಮಾಡಿದೆ, ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ ಅದು ಯಾವ ವರ್ಷದ ಎಷ್ಟನೆಯ ವಾರದಲ್ಲಿ ತಯಾರಾದದ್ದು ಎಂದು ಹುಡುಗನಿಗೇ ತೋರಿಸಿದೆ. ಬ್ರೇಕ್ ಆಯಿಲ್ ಹಳೆಯದಾಗಿತ್ತು, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಘಟ್ಟ ಇಳಿಯುವಾಗ ಬಿಸಿಯೇರಿದರೆ ಕೈಕೊಡುತ್ತದೆ ಎಂದು ಹೇಳಿ ಹೊಸದು ಹಾಕಿದೆ. ಎರಡೂ ಬದಿಯ ಪೆಟ್ಟಿಗೆ, ಹಿಂದೆ ಒಂದು ಪೆಟ್ಟಿಗೆ ಕೂರಿಸಿದೆ. ಇಷ್ಟು ಹೊರೆ ಬಿದ್ದರೆ ಗಾಡಿಯ ಹಿಂಭಾಗ ಕುಸಿದು ಹ್ಯಾಂಡಲ್ ಹಗುರಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದಂತೆ, ಗುಂಡಿಗಳ ಕುಲುಕಾಟ ತಡೆಯುವ ಹಿಂದಿನ ಶಾಕ್‌ನ ಸ್ಪ್ರಿಂಗನ್ನು ಕೊಕ್ಕೆ ಸ್ಪ್ಯಾನರಿನಿಂದ ಬಿಗಿಮಾಡಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪ್ರೀಲೋಡ್ ಏರಿಸುವುದು ಎನ್ನುತ್ತೇವೆ. ಲೈಸೆನ್ಸ್ ಕೇಳಿ ನೋಡಿದೆ, ಸರಿಯಾಗಿತ್ತು. ಜಾಬ್ ಕಾರ್ಡಿನಲ್ಲಿ ಎಲ್ಲ ಸಾಲುಗಳಿಗೂ ಗುರುತು ಹಾಕಿದೆ.

ಹುಡುಗನನ್ನು ಗಾಡಿಯ ಮೇಲೆ ಕೂರಿಸಿ ನೋಡಲಿಲ್ಲ. ಜಾಬ್ ಕಾರ್ಡಿನಲ್ಲಿ ಅದಕ್ಕೊಂದು ಸಾಲು ಇರಲಿಲ್ಲ.

ಚಿಕ್ಕಮಗಳೂರಿಗೆ ಅವನು ಕ್ಷೇಮವಾಗಿಯೇ ತಲುಪಿದ್ದ. ಮಾರನೆಯ ಬೆಳಿಗ್ಗೆ ಬಟ್ಟೆಬರೆಯನ್ನೆಲ್ಲ ತಂಗಿದ್ದ ಕೋಣೆಯಲ್ಲಿ ಇಳಿಸಿ, ಖಾಲಿ ಪೆಟ್ಟಿಗೆಗಳೊಂದಿಗೆ ಮುಳ್ಳಯ್ಯನಗಿರಿಯ ಕಡೆ ಹೊರಟ. ಆ ದಾರಿ ಬಲ್ಲವರಿಗೆ ಗೊತ್ತು: ಎದುರಿಗೆ ಜೀಪ್ ಬಂದರೆ ಒಬ್ಬರು ಅಂಚಿಗೆ ಸರಿದು ನಿಲ್ಲಲೇಬೇಕಾದ ಕಿರಿದಾದ ರಸ್ತೆ. ಜೀಪ್ ಬಂತು. ಹುಡುಗ ವಿವೇಕದಿಂದಲೇ ನಡೆದುಕೊಂಡ. ಎಡಕ್ಕೆ ಸರಿದು ಗಾಡಿ ನಿಲ್ಲಿಸಿದ. ಎಡಗಾಲು ಇಟ್ಟ ಕಡೆ ರಸ್ತೆಯ ಅಂಚು ಒಂದು ಗೇಣು ತಗ್ಗಾಗಿತ್ತು. ಕಾಲಿಗೆ ನೆಲ ಸಿಗಲಿಲ್ಲ. ಗಾಡಿ ವಾಲಿತು. ನಿಂತ ಗಾಡಿ ನೆಟ್ಟಗಿರುವಾಗ 200 ಕಿಲೋ ತೂಕದ ಅರಿವೇ ಆಗುವುದಿಲ್ಲ, ತೊಡೆಗೆ ಒರಗಿಸಿಕೊಂಡು ಹಿಡಿಯಬಹುದು. ಒಂದು ಮಟ್ಟ ಮೀರಿ ವಾಲಿದರೆ ಪೈಲ್ವಾನನೂ ಹಿಡಿದು ನಿಲ್ಲಿಸಲಾರ. ಹುಡುಗ ಬಿಡಲಿಲ್ಲ, ಹಿಡಿಯಲು ಹೋದ. ಕಾಲು ಪೆಟ್ಟಿಗೆಯ ಕೆಳಗೆ ಸಿಕ್ಕಿಬಿತ್ತು.

ಇದನ್ನು ಗಾಡಿ ನೋಡಿ ಅರ್ಧ ಊಹಿಸಿದ್ದೆ. ಉಳಿದರ್ಧ ತಿಳಿದದ್ದು ಶಾಕ್ ನೋಡಿದಾಗ. ನಾನು ಬಿಗಿಮಾಡಿದ್ದು ಪೂರ್ತಿ ಹೊರೆಯ ಲೆಕ್ಕಕ್ಕೆ. ಹೊರೆ ಇದ್ದಾಗ ಸೀಟು ತನ್ನ ಮಟ್ಟಕ್ಕೆ ಇಳಿದಿರುತ್ತದೆ. ಹೊರೆಯನ್ನು ಕೋಣೆಯಲ್ಲಿ ಇಳಿಸಿಬಂದರೆ ಬಿಗಿಯಾದ ಸ್ಪ್ರಿಂಗ್ ಗಾಡಿಯ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಸೀಟು ಮೊದಲಿಗಿಂತಲೂ ಎತ್ತರವಾಗುತ್ತದೆ. ಐದಡಿ ನಾಲ್ಕಂಗುಲದ ಹುಡುಗ. ಸಮತಟ್ಟು ನೆಲದಲ್ಲೇ ಅವನಿಗೆ ಬೆರಳತುದಿ ಮಾತ್ರ ಎಟುಕುತ್ತಿತ್ತು. ಆ ಎತ್ತರಕ್ಕೆ ನಾನು ಇನ್ನಷ್ಟು ಸೇರಿಸಿದ್ದೆ, ಸೇರಿಸಿದ್ದೇನೆ ಎಂದು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಪೆಟ್ಟಿಗೆ ಖಾಲಿ ಮಾಡಿದ ಮೇಲೆ ಸ್ಪ್ರಿಂಗನ್ನೂ ಸಡಿಲಿಸಬೇಕು ಎಂಬುದು ಅವನಿಗೆ ಹೊಳೆಯುತ್ತಿತ್ತು. ಸ್ಪ್ಯಾನರ್ ಅವನ ಸೀಟಿನ ಕೆಳಗೇ ಇತ್ತು.

ಎರಡು ದಿನ ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಮೂರನೆಯ ದಿನ ಅವರ ಮನೆಗೆ ಹೋದೆ. ಹುಡುಗ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ. "ಅಂಕಲ್, ನೆಲ ಸಿಗಲೇ ಇಲ್ಲ" ಎಂದ. ನಾನು ತಂದೆಯನ್ನು ಹೊರಗೆ ಕರೆದು ಶಾಕ್‌ನ ವಿಷಯ ಹೇಳಿದೆ. ಬೈಯುತ್ತಾರೆ, ಖರ್ಚು ಕೊಡಿ ಎನ್ನುತ್ತಾರೆ ಎಂದು ಎಣಿಸಿ ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಕೇಳಿದ್ದು ಬೇರೆ: "ಹಾಗಾದರೆ ಅವನು ಜೋರಾಗಿ ಓಡಿಸುತ್ತಿರಲಿಲ್ಲವೇ?" ಇಲ್ಲ, ಗಾಡಿ ನಿಂತಿತ್ತು ಎಂದೆ. ಮತ್ತೆ ಅದನ್ನೇ ಕೇಳಿದರು. ಆಸ್ಪತ್ರೆಯಿಂದ ಬಂದಾಗಿನಿಂದ ಅವರು ಮಗನೊಂದಿಗೆ ಮಾತು ಬಿಟ್ಟಿದ್ದರು. ನಿಂತ ಗಾಡಿಯಿಂದ ಬಿದ್ದು ಯಾರ ಕಾಲಾದರೂ ಮುರಿಯುತ್ತದೆಯೇ, ಸುಳ್ಳು ಹೇಳುತ್ತಿದ್ದಾನೆ ಎಂದು ನೆಂಟರೆಲ್ಲ ತೀರ್ಮಾನಿಸಿದ್ದರಂತೆ. ನಾನು ಆ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಹುಡುಗ ಎಷ್ಟು ಬೆಲೆ ತೆತ್ತ ಎಂಬುದು ಆಗ ಅರ್ಥವಾಯಿತು. ಸ್ಪ್ರಿಂಗಿನ ತಪ್ಪಿಗಿಂತ ಆ ಮೌನವೇ ನನ್ನನ್ನು ಇಂದಿಗೂ ಹೆಚ್ಚು ಬಾಧಿಸುತ್ತದೆ.

ಹದಿಹರೆಯದವರು ಮತ್ತು ದೊಡ್ಡ ಮೋಟಾರ್‌ಸೈಕಲ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ವೇಗ. ವೇಗದ ಅಪಾಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಗಂಟೆಗೆ 100 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ 27 ಮೀಟರಿಗೂ ಹೆಚ್ಚು. ಬ್ರೇಕ್ ಹಿಡಿಯಬೇಕೆಂದು ಹೊಳೆಯುವಷ್ಟರಲ್ಲೇ ಗಾಡಿ ಅಷ್ಟು ಮುಂದೆ ಹೋಗಿರುತ್ತದೆ. ಆದರೆ ಟೂರಿಂಗ್ ಗಾಡಿಗಳೊಂದಿಗೆ ನಮ್ಮ ಬಳಿ ಬರುವ ಹದಿನೆಂಟು, ಹತ್ತೊಂಬತ್ತರ ಮಕ್ಕಳಲ್ಲಿ ಹೆಚ್ಚಿನವರು ಹುಚ್ಚಾಟದವರಲ್ಲ. ಅವರಿಗೆ ಊರು ನೋಡಬೇಕು, ಟೆಂಟ್ ಕಟ್ಟಬೇಕು, ಫೋಟೊ ತೆಗೆಯಬೇಕು. ಅವರನ್ನು ಬೀಳಿಸುವುದು ತೂಕ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ತೂಗುವುದು 196 ಕಿಲೋ, ಬಿಎಂಡಬ್ಲ್ಯು ಆರ್ 1250 ಜಿಎಸ್ 249 ಕಿಲೋ, ಹೊಂಡಾ ಗೋಲ್ಡ್ ವಿಂಗ್ 350 ಕಿಲೋಗೂ ಹೆಚ್ಚು. ಅದರ ಮೇಲೆ ಪೆಟ್ಟಿಗೆ, ಟೆಂಟ್, ಹಿಂದೆ ಗೆಳೆಯ. ಈ ತೂಕ ಹೆದ್ದಾರಿಯಲ್ಲಿ ಮಾಯವಾಗಿರುತ್ತದೆ. ಪೆಟ್ರೋಲ್ ಬಂಕಿನ ಇಳಿಜಾರು, ಹೋಟೆಲ್ ಮುಂದಿನ ಜಲ್ಲಿ, ಯು ತಿರುವು, ಮಳೆಗಾಲದ ಕೆಸರಿನಲ್ಲಿ ಹಿಂದಕ್ಕೆ ತಳ್ಳಬೇಕಾದ ಗಳಿಗೆ, ಇಲ್ಲೆಲ್ಲ ಧುತ್ತೆಂದು ಮರಳಿ ಬರುತ್ತದೆ.

ನಮ್ಮ ಲೈಸೆನ್ಸ್ ವ್ಯವಸ್ಥೆ ಇದನ್ನು ಕೇಳುವುದೇ ಇಲ್ಲ. ಆರ್‌ಟಿಒ ಮೈದಾನದಲ್ಲಿ 100 ಸಿಸಿ ಗಾಡಿಯಲ್ಲಿ ಕಾಲು ಊರದೆ ಎಂಟು ಹಾಕಿದರೆ 'ಗೇರ್ ಇರುವ ಮೋಟಾರ್‌ಸೈಕಲ್' ಎಂಬ ಒಂದೇ ದರ್ಜೆಯ ಲೈಸೆನ್ಸ್ ಸಿಗುತ್ತದೆ. ಮರುದಿನವೇ 1,800 ಸಿಸಿ ಗಾಡಿ ಏರಿದರೂ ಕಾನೂನಿನ ತಕರಾರಿಲ್ಲ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಸಾಮಾನ್ಯವಾಗಿ 16ಕ್ಕೆ 125 ಸಿಸಿ, 18ಕ್ಕೆ 35 ಕಿಲೋವ್ಯಾಟ್ ಶಕ್ತಿಯವರೆಗಿನ ಗಾಡಿ, ಅದರಲ್ಲಿ ಎರಡು ವರ್ಷ ಪಳಗಿದ ಮೇಲೆ 20ಕ್ಕೆ ಯಾವುದೇ ಗಾಡಿ. ನೇರವಾಗಿ ದೊಡ್ಡದಕ್ಕೇ ಹೋಗುವವರು 24ರವರೆಗೆ ಕಾಯಬೇಕು. ಜಪಾನಿನಲ್ಲಿ 16ಕ್ಕೆ 400 ಸಿಸಿವರೆಗೆ, ಅದಕ್ಕಿಂತ ದೊಡ್ಡದಕ್ಕೆ 18 ತುಂಬಿ ಬೇರೆಯೇ ಲೈಸೆನ್ಸ್ ಪಡೆಯಬೇಕು. ಅಲ್ಲಿನ ತರಬೇತಿ ಶಾಲೆಗಳಲ್ಲಿ ಮಲಗಿಸಿದ ಗಾಡಿಯನ್ನು ಎತ್ತಿ ನಿಲ್ಲಿಸುವುದನ್ನೂ ಕಲಿಸುತ್ತಾರೆ. ನನಗೆ ಬಹಳ ಹಿಡಿಸಿದ ಪದ್ಧತಿ ಇದು. ನಮ್ಮಲ್ಲಿ ಯಾರೂ ಕಲಿಸುವುದಿಲ್ಲ ಎಂದಾದರೆ ಕೀಲಿ ಕೊಡುವ ಕೈಯಾದರೂ ಕಲಿಸಬೇಕಲ್ಲವೇ?

ಹಾಗಾಗಿ ನಮ್ಮ ಗ್ಯಾರೇಜಿನಲ್ಲಿ ಹೊಸ ಸವಾರರಿಗೆ ಗಾಡಿ ಒಪ್ಪಿಸುವ ಕೆಲಸಕ್ಕೆ ಈಗ ಮುಕ್ಕಾಲು ಗಂಟೆ ಹಿಡಿಯುತ್ತದೆ. ಪ್ರಯಾಣದಲ್ಲಿ ಹಾಕುವ ಬೂಟು ಹಾಕಿಕೊಂಡೇ ಬರಬೇಕು. ಚಪ್ಪಲಿಯಲ್ಲಿ ಎಟುಕುವ ನೆಲಕ್ಕೂ ಬೂಟಿನಲ್ಲಿ ಎಟುಕುವ ನೆಲಕ್ಕೂ ವ್ಯತ್ಯಾಸವಿದೆ. ಪೆಟ್ಟಿಗೆಗಳಲ್ಲಿ ನೀರಿನ ಕ್ಯಾನ್ ಇಟ್ಟು ಒಮ್ಮೆ, ಖಾಲಿ ಮಾಡಿ ಒಮ್ಮೆ ಕೂರಿಸುತ್ತೇನೆ. ಇಂಜಿನ್ ಆರಿಸಿ ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿಸುತ್ತೇನೆ. ಗ್ಯಾರೇಜಿನ ಬಾಗಿಲಿನ ಇಳಿಜಾರಿನಲ್ಲಿ ಅಡ್ಡಲಾಗಿ ನಿಲ್ಲಿಸಿ, ತಗ್ಗಿನ ಕಡೆಯ ಕಾಲು ಊರು ಎನ್ನುತ್ತೇನೆ. ಸಾಮಾನ್ಯವಾಗಿ ಅಲ್ಲಿಯೇ ಮುಖದ ಬಣ್ಣ ಬದಲಾಗುತ್ತದೆ. ಆಗ ಎತ್ತರದ ಕಡೆಯ ಕಾಲನ್ನು ಊರುವುದು, ಇನ್ನೊಂದು ಕಾಲನ್ನು ಫುಟ್‌ರೆಸ್ಟಿನ ಮೇಲೇ ಉಳಿಸುವುದು ಕಲಿಸುತ್ತೇನೆ. ಅದಕ್ಕಾಗಿ ನಿಲ್ಲುವ ಜಾಗವನ್ನು ಹತ್ತು ಮಾರು ಮೊದಲೇ ಕಣ್ಣಿನಲ್ಲಿ ಆರಿಸಿಕೊಳ್ಳಬೇಕು.

ಕ್ರ್ಯಾಶ್ ಗಾರ್ಡಿಗೆ ಹಳೆಯ ಟೈರ್ ಸುತ್ತಿದ ಒಂದು ಗಾಡಿಯನ್ನು ಬೀಳಿಸುವುದಕ್ಕೆಂದೇ ಇಟ್ಟಿದ್ದೇವೆ. ಬಲಕ್ಕೆ ಮಲಗಿದ್ದರೆ ಮೊದಲು ಸೈಡ್ ಸ್ಟ್ಯಾಂಡ್ ಬಿಡಿಸಿಟ್ಟುಕೊಳ್ಳಬೇಕು, ಗಾಡಿ ಗೇರಿನಲ್ಲಿರಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿ, ಬೆನ್ನನ್ನು ಸೀಟಿಗೆ ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಬೆನ್ನು ನೆಟ್ಟಗಿಟ್ಟು ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆದರೆ ಸಣಕಲು ಹುಡುಗಿಯೂ ಎತ್ತುತ್ತಾಳೆ. ಮುಂದೆ ನಿಂತು ಬಗ್ಗಿ ಎತ್ತುವವರ ಸೊಂಟ ಹಿಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ಕಷ್ಟದ ಪಾಠ ಎಂದರೆ ಬೀಳುತ್ತಿರುವ ಗಾಡಿಯನ್ನು ಬಿಟ್ಟುಬಿಡುವುದು. ಅಪ್ಪ ಸಾಲ ಮಾಡಿ ಕೊಡಿಸಿದ ಗಾಡಿಯನ್ನು ಬಿಡಲು ಮಕ್ಕಳಿಗೆ ಮನಸ್ಸೇ ಬರುವುದಿಲ್ಲ. ಪೆಟ್ಟಿಗೆಯ ಮೂಲೆಯನ್ನು ನಾನು ಸುತ್ತಿಗೆಯಿಂದ ಸರಿಮಾಡಬಲ್ಲೆ, ನಿನ್ನ ಕಾಲನ್ನು ಸರಿಮಾಡಲಾರೆ ಎಂದು ತಂದೆತಾಯಿಯ ಎದುರಿನಲ್ಲೇ ಹೇಳುತ್ತೇನೆ. ಅವರೂ ಕೇಳಿಸಿಕೊಳ್ಳಲಿ ಎಂದೇ.

ಬ್ರೇಕ್ ಪ್ಯಾಡ್ ಬಿಚ್ಚಿದಾಗ ಇನ್ನೊಂದು ಕಥೆ ಸಿಗುತ್ತದೆ. ಸ್ಕೂಟರಿನಿಂದ ನೇರವಾಗಿ ಬಂದ ಮಕ್ಕಳ ಗಾಡಿಗಳಲ್ಲಿ ಹಿಂದಿನ ಪ್ಯಾಡ್ ಸವೆದು ಲೋಹ ಕಾಣುತ್ತಿರುತ್ತದೆ, ಮುಂದಿನದು ಹೊಸದರಂತೆ ಇರುತ್ತದೆ. 'ಮುಂದಿನ ಬ್ರೇಕ್ ಹಿಡಿಯಬೇಡ, ಬೀಳುತ್ತೀಯ' ಎಂದು ಮನೆಯಲ್ಲಿ ಸೈಕಲ್ ಕಲಿಸುವಾಗ ಹೇಳಿದ ಮಾತು ಕಿವಿಯಲ್ಲಿ ಉಳಿದಿರುತ್ತದೆ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ವಾಲುವುದರಿಂದ ಗಾಡಿಯನ್ನು ನಿಲ್ಲಿಸುವ ಬಹುಪಾಲು ಕೆಲಸ ಮುಂದಿನ ಚಕ್ರದ್ದೇ. ಒಮ್ಮೆಲೇ ಹಿಂಡದೆ, ನಿಂಬೆಹಣ್ಣು ಹಿಂಡಿದಂತೆ ಹಂತಹಂತವಾಗಿ ಒತ್ತಬೇಕು. ನೇರ ರಸ್ತೆಯಲ್ಲಿ ಎಬಿಎಸ್, ಅಂದರೆ ಬ್ರೇಕ್ ಹಿಡಿತವನ್ನು ತಾನೇ ಬಿಟ್ಟು ಹಿಡಿಯುವ ವ್ಯವಸ್ಥೆ, ಇದ್ದರೆ ಚಕ್ರ ಬಿಗಿದುಕೊಳ್ಳುವುದಿಲ್ಲ. ಹಿಂದಿನ, ಮುಂದಿನ ಪ್ಯಾಡ್ ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದರೆ ಯಾವ ಉಪದೇಶವೂ ಬೇಕಾಗುವುದಿಲ್ಲ.

ಹದಿನೆಂಟು ತುಂಬದವರಿಗೆ ಕೀಲಿ ಕೊಡುವುದಿಲ್ಲ, ಅಪ್ಪ ಹಿಂದೆ ಕೂರುತ್ತೇನೆ ಎಂದರೂ ಕೊಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಇದೆ, ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಈ ವಿಷಯದಲ್ಲಿ ನಾನು ಮಾತು ಬೆಳೆಸುವುದೇ ಇಲ್ಲ.

ಹುಡುಗನ ಕಾಲು ಕೂಡಿತು. ಏಳು ತಿಂಗಳ ಮೇಲೆ ತಂದೆಯೊಂದಿಗೆ ಬಂದ. ಅಲ್ಯೂಮಿನಿಯಂ ಪೆಟ್ಟಿಗೆ ತೆಗೆಸಿ ಬಟ್ಟೆಯ ಚೀಲ ಹಾಕಿಸಿಕೊಂಡ. ಕೊಕ್ಕೆ ಸ್ಪ್ಯಾನರನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ಪ್ರಿಂಗನ್ನು ತಾನೇ ಬಿಗಿಮಾಡಿ, ತಾನೇ ಸಡಿಲಿಸಿ, ಪ್ರತಿ ಸಲವೂ ಹತ್ತಿ ಕೂತು ಕಾಲು ಊರಿ ನೋಡಿದ. ತಂದೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಎಲ್ಲರೂ ಹೀಗೆ ಒಪ್ಪುವುದಿಲ್ಲ. ಕಳೆದ ವಾರ ಒಬ್ಬ ಹುಡುಗನಿಗೆ ಇಳಿಜಾರಿನಲ್ಲಿ ಕಾಲು ಎಟುಕಲಿಲ್ಲ. ಸೀಟು ತಗ್ಗಿಸೋಣ, ನಾಲ್ಕು ಭಾನುವಾರ ಖಾಲಿ ಗಾಡಿಯಲ್ಲಿ ಹತ್ತಿರದ ಊರುಗಳಿಗೆ ಹೋಗಿ ಬರಲಿ, ಆಮೇಲೆ ಪೆಟ್ಟಿಗೆ ಕಟ್ಟೋಣ ಎಂದೆ. "ನಿಮಗೆ ಕೆಲಸ ಹೇಳಿದರೆ ಪಾಠ ಮಾಡುತ್ತೀರಿ" ಎಂದು ತಂದೆ ಸಿಟ್ಟಾಗಿ ಬೇರೆ ಕಡೆ ಕರೆದುಕೊಂಡು ಹೋದರು. ಅಲ್ಲಿ ಪೆಟ್ಟಿಗೆ ಕಟ್ಟಿಕೊಟ್ಟಿರುತ್ತಾರೆ, ಸ್ಪ್ರಿಂಗನ್ನೂ ಬಿಗಿಮಾಡಿರುತ್ತಾರೆ. ಹುಡುಗನ ನಂಬರ್ ನಮ್ಮ ಪುಸ್ತಕದಲ್ಲಿದೆ. ಇಂದು ಗ್ಯಾರೇಜ್ ಮುಚ್ಚಿದ ಮೇಲೆ ಕರೆ ಮಾಡಿ, ಸ್ಪ್ರಿಂಗನ್ನು ಎಷ್ಟು ಬಿಗಿಮಾಡಿದ್ದಾರೆ ಎಂದು ಕೇಳುತ್ತೇನೆ.